ಕೊನೇ ಪುಟ ಇಲ್ಲದ ಪುಸ್ತಕ

ಕೊಲೆ ಮಾಡಿದವನು ಗುಮಾಸ್ತನಲ್ಲ, ಸತ್ತವನ ಹೆಂಡತಿಯ ತಮ್ಮ. ಇದೊಂದು ವಿಷಯ ತಿಳಿಯಲು ನನಗೆ ನಲವತ್ತು ವರ್ಷದ ಮೇಲೆ ಹಿಡಿಯಿತು.

ಕಳೆದ ಮಳೆಗಾಲ ಅನಗೋಳದ ತವರುಮನೆಯಲ್ಲಿದ್ದೆ. ಬೆಳಗಾವಿಯ ಜಿಟಿಜಿಟಿ ಮಳೆ ಕಂಡವರಿಗೆ ಹೇಳಬೇಕಾದ್ದಿಲ್ಲ. ಬೀಗರ ಹಾಗೆ ಅದು ಒಮ್ಮೆ ಬಂದು ಕೂತರೆ ಏಳುವ ಮಾತೇ ಇಲ್ಲ. ಒಣಗದ ಸೀರೆಗಳ ನಡುವೆ ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಇಂಟರ್ನೆಟ್ ಆರ್ಕೈವ್ ಕೆದಕುತ್ತಿದ್ದೆ. ಹಳೇ ಕನ್ನಡ ಪುಸ್ತಕಗಳ ದೊಡ್ಡ ರಾಶಿಯೇ ಅಲ್ಲಿ ಬಿದ್ದಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕಾಲದಲ್ಲಿ ಸ್ಕ್ಯಾನ್ ಆದವು ಕೆಲವು, ಈಚೆಗೆ ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗದವರು ಒಂದೊಂದೇ ಪುಟ ತಿರುವಿ ಏರಿಸಿದವು ಕೆಲವು. ಆ ರಾಶಿಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಕಣ್ಣಿಗೆ ಬಿತ್ತು. ಮುಖಪುಟ ನೋಡಿದ ಕೂಡಲೇ ಗುರುತು ಹತ್ತಿತು: ಟಾರ್ಚು ಹಿಡಿದ ಕೈ, ಅದರ ಬೆಳಕಿನಲ್ಲಿ ಒಂಟಿ ಹೈಹೀಲ್ಡ್ ಚಪ್ಪಲಿ. ಏಳನೇ ಇಯತ್ತೆಯಲ್ಲಿದ್ದಾಗ ಓದಿದ್ದೆ. ಓದಿದ್ದೆ ಎಂದರೆ, ಕೊನೆಯ ನಾಲ್ಕು ಪುಟ ಬಿಟ್ಟು. ನಮಗೆ ಸಿಕ್ಕ ಪ್ರತಿಯಲ್ಲಿ ಅವು ಇರಲಿಲ್ಲ. ಪುಸ್ತಕ ಬಾಡಿಗೆಗೆ ಕೊಟ್ಟ ಲೈಬ್ರರಿಯ ಮಾಲಕರನ್ನು ಕೇಳಿದಾಗ ಅವರು ಲೆಕ್ಕದ ಬುಕ್ಕಿನಿಂದ ತಲೆಯನ್ನೂ ಎತ್ತದೆ, "ಗುಮಾಸ್ತ. ತಿಜೋರಿ ಕೀಲಿ ಅವನ ಕಡೇನ ಇತ್ತಲ್ಲ" ಎಂದಿದ್ದರು. ನಾನು ನಂಬಿದೆ. ಗಲ್ಲಿಗೆಲ್ಲ ಹಾಗೇ ಹೇಳಿದೆ.

ಈಗ ಪೂರಾ ಪುಸ್ತಕ ಅಂಗೈಯಲ್ಲಿದೆ, ಗುಮಾಸ್ತ ನಿರಪರಾಧಿ. ಮಾಲಕರು ಆ ಪುಟಗಳನ್ನು ಓದೇ ಇರಲಿಲ್ಲವೋ, ಓದಿ ಮರೆತು ತೋಚಿದ್ದು ಹೇಳಿದರೋ. ಕಾದಂಬರಿಯ ಹೆಸರು ಬರೆಯುವುದಿಲ್ಲ. ಹುಡುಕಿ ಓದುವವರ ಮಜಾ ಕೆಡಿಸಿ ನನಗೇನು ಸಿಗಬೇಕು. ಆದರೆ ಆ ಮಧ್ಯಾಹ್ನ ಪೂರ್ತಿ ನನ್ನ ತಲೆಯಲ್ಲಿ ಸುತ್ತಿದ್ದು ಕೊಲೆಗಾರನಲ್ಲ, ಆ ಮಾಲಕರು.

ಅವರ ಲೈಬ್ರರಿ ರೈಲ್ವೆ ಗೇಟಿನ ಆಚೆ, ಟಿಳಕವಾಡಿಯ ಕಡೆಗಿತ್ತು. ನಾಲ್ಕು ಜನ ನಿಂತರೆ ತುಂಬುವ ಖೋಲಿ. ಒಂದು ಗೋಡೆಗೆ ಕನ್ನಡ, ಎದುರಿನ ಗೋಡೆಗೆ ಮರಾಠಿ. ಕನ್ನಡದ ಗೋಡೆಯಲ್ಲಿ ತ್ರಿವೇಣಿ, ಅನಕೃ, ಗೋಕಾಕದ ಕೃಷ್ಣಮೂರ್ತಿ ಪುರಾಣಿಕ, ಸಾಯಿಸುತೆ; ಕೆಳಗಿನ ಮೂರು ಸಾಲು ಇಡಿಯಾಗಿ ಎನ್. ನರಸಿಂಹಯ್ಯ, ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಪುಣ್ಯಾತ್ಮ. ಮರಾಠಿಯ ಗೋಡೆಯಲ್ಲಿ ಅವರನ್ನೂ ಮೀರಿಸಿ ಸಾವಿರ ದಾಟಿದ ಬಾಬುರಾವ್ ಅರ್ನಾಳಕರ್. ಗಡಿ, ಭಾಷೆ ಎಂದು ಹೊರಗೆ ಊರು ಎಷ್ಟು ಕುದಿದರೂ ಒಳಗೆ ಎರಡೂ ಗೋಡೆಗಳಲ್ಲಿ ಹೆಚ್ಚು ಸವೆದದ್ದು ಕೊಲೆಯ ಪುಸ್ತಕಗಳೇ.

ಹೊಸ ಪುಸ್ತಕ ಬಂದ ದಿನವೇ ಮಾಲಕರು ಅದರ ಬೆನ್ನು ಕೀಳುತ್ತಿದ್ದರು. ದಬ್ಬಣದಿಂದ ಮೂರು ತೂತು ಹೊಡೆದು, ಮೇಣ ಸವರಿದ ದಾರದಿಂದ ಅಡ್ಡಡ್ಡ ಹೊಲಿದು, ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿ ಶಿಕ್ಕಾ ಒತ್ತುತ್ತಿದ್ದರು. ಹೊಲಿಗೆ ಎಷ್ಟು ಬಿಗಿ ಎಂದರೆ ಬಲಪುಟದ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಅದರೊಳಗೆ ಹೂತುಹೋಗುತ್ತಿದ್ದವು. ಅವನ್ನು ಊಹೆಯ ಮೇಲೆ ಓದಬೇಕು. ನನ್ನ ಓದಿನ ಅರ್ಧ ವೇಗ ಆ ಊಹೆಯಿಂದ ಬಂದದ್ದೇ ಇರಬೇಕು. ದಿನಕ್ಕೆ ಹತ್ತು ಪೈಸೆ. ಭಾನುವಾರ ಅಂಗಡಿ ಮುಚ್ಚಿದ್ದರೂ ಹತ್ತು ಪೈಸೆ. ನಮಗಿಂತ ಮುಂಚೆ ಓದಿದವರು ಅಂಚಿನಲ್ಲಿ ಪೆನ್ಸಿಲಿನಿಂದ "ಪುಟ 46 ನೋಡಿ" ಎಂದು ಬರೆದಿರುತ್ತಿದ್ದರು. ಅಲ್ಲಿಗೆ ಹೋದರೆ "ಪುಟ 112 ನೋಡಿ". ಅಲ್ಲಿ "ಮಂಗ್ಯಾ". ಇನ್ನೂ ದುಷ್ಟರು ಮೊದಲ ಪುಟದಲ್ಲೇ ಕೊಂದವನ ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದಿರುತ್ತಿದ್ದರು.

ಇದನ್ನೆಲ್ಲ ಹೇಳುವಾಗ ದನಿ ತಾನಾಗಿ ಮೆತ್ತಗಾಗುತ್ತದೆ. ಹಾಗಾಗಿ ಉಳಿದದ್ದನ್ನೂ ಹೇಳಿಬಿಡಬೇಕು. ಹೆಣ್ಣುಮಕ್ಕಳು ಆ ಗೋಡೆಗಳಿಗೆ ಕೈ ಹಚ್ಚುವಂತಿರಲಿಲ್ಲ. ಬಾಗಿಲಲ್ಲಿ ನಿಂತಿರಬೇಕು, ಅವರೇ ಆರಿಸಿ ಕೊಡುತ್ತಿದ್ದರು. ಅಣ್ಣನಿಗೆ ಕೊಡುವ ಪುಸ್ತಕ ನನಗಿಲ್ಲ. ಕೆಲವು ಕಾದಂಬರಿಗಳಲ್ಲಿ ಪ್ರೇಮಪತ್ರದ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿದ್ದು ಕಾಣುತ್ತಿತ್ತು, ಹರಿದದ್ದಲ್ಲ, ನೀಟಾಗಿ ಕತ್ತರಿಸಿದ್ದು. ಯಾರ ಕೆಲಸವೆಂದು ನಾವ್ಯಾರೂ ಕೇಳಲಿಲ್ಲ. ನಮ್ಮಪ್ಪ ಮನೆಯ ಕಂದಾಯ ತುಂಬಿ ಬಂದಾಗಲೆಲ್ಲ ಗೊಣಗುತ್ತಿದ್ದರು: ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಬೇರೆ, ಗ್ರಂಥಾಲಯ ಎಲ್ಲಿ ಐತಿ? ಆ ಕರದ ಹಿಂದಿನ ಗ್ರಂಥಾಲಯ ಕಾಯಿದೆ 1965ರದು. ಸರಕಾರಿ ಲೈಬ್ರರಿ ಊರೊಳಗೆ ಇತ್ತು, ಇಲ್ಲವೆನ್ನಲಾರೆ. ಅನಗೋಳದ ಹುಡುಗಿ ಒಬ್ಬಳೇ ಅಷ್ಟು ದೂರ ಹೋಗಿ ಗಂಡಸರ ನಡುವೆ ಕೂತು ಓದುವ ಕಾಲ ಮಾತ್ರ ಅದಾಗಿರಲಿಲ್ಲ. ಗಲ್ಲಿಯ ಕಟಿಂಗ್ ಅಂಗಡಿಯಲ್ಲಿ 'ಸಂಯುಕ್ತ ಕರ್ನಾಟಕ'ವೂ 'ತರುಣ ಭಾರತ'ವೂ ಒಂದೇ ಬೆಂಚಿನ ಮೇಲೆ ಬಿದ್ದಿರುತ್ತಿದ್ದವು. ಆ ಬೆಂಚು ನಮ್ಮದಾಗಿರಲಿಲ್ಲ.

ಅಪ್ಪ ಉದ್ಯಮಬಾಗಿನ ಫೌಂಡ್ರಿಯಲ್ಲಿ ಮೋಲ್ಡರ್. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಕಪ್ಪು ಉಸುಕು ಹೋಗುತ್ತಿರಲಿಲ್ಲ. ಅವರಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅವ್ವನಿಗೆ ಅದೂ ಇಲ್ಲ. 1980ರಲ್ಲಿ ನಮ್ಮ ಜಿಲ್ಲೆಯವರೇ ಆದ ಬಸವರಾಜ ಕಟ್ಟೀಮನಿ ಅಧ್ಯಕ್ಷರಾಗಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗಿದ್ದರು. ಭಾಷಣ ಕೇಳಲಿಲ್ಲ. ಪುಸ್ತಕದ ಅಂಗಡಿಗಳ ಮುಂದೆ ಮೂರು ಸುತ್ತು ಹೊಡೆದು, ಬೆಲೆ ಕೇಳಿ ಕೇಳಿ, ಕೊನೆಗೆ ಮಕ್ಕಳ ಕಥೆಯ ತೆಳ್ಳಗಿನದೊಂದು ಕೊಡಿಸಿದರು. ನಮ್ಮ ಮನೆಗೆ ಬಂದ ಮೊದಲ ಸ್ವಂತದ ಪುಸ್ತಕ ಅದು, ಕೊನೇ ಪುಟ ಸಮೇತ.

ಅವ್ವನಿಗೆ ಓದಲು ಬಾರದ್ದರಿಂದ ನನಗೊಂದು ನೌಕರಿ ಸಿಕ್ಕಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಮ್ಮ ಮನೆಯ ಕಟ್ಟೆಗೆ ಮೂವರು ಬಂದು ಕೂರುತ್ತಿದ್ದರು: ಅವ್ವ, ಪಕ್ಕದ ಮನೆಯ ಮರಾಠಿ ಕಾಕು, ಎದುರು ಮನೆಯಲ್ಲಿ ಮಗ್ಗದ ಲಡಿ ಸುತ್ತುತ್ತಿದ್ದ ಇನ್ನೊಬ್ಬಾಕೆ. ಕಟಿಂಗ್ ಅಂಗಡಿಯವನು ವಾರ ಕಳೆದ 'ಸುಧಾ'ವನ್ನು ಅಣ್ಣನ ಕೈಲಿ ಕಳಿಸುತ್ತಿದ್ದ. ಎಂಬತ್ತರ ದಶಕದ ಆರಂಭದ ದಿನಗಳು, 'ಸುಧಾ'ದಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಬರುತ್ತಿತ್ತು. ಎಳೆಯ ಹುಡುಗಿಯ ಮೇಲೆ ಮಾಟ ಮಾಡಿಸುವ ಆ ಕಥೆ ಓದುವಾಗ ನಮ್ಮ ಗಲ್ಲಿಯಲ್ಲಿ ಗಾಳಿಯೂ ಆಡುತ್ತಿರಲಿಲ್ಲ. ಕಾಕು ಕತ್ತಲಾದ ಮೇಲೆ ಹಿತ್ತಲಿಗೆ ಒಬ್ಬರೇ ಹೋಗುವುದನ್ನು ಬಿಟ್ಟರು. ದಾರಿಯಲ್ಲಿ ಕೊಯ್ದ ನಿಂಬೆಹಣ್ಣು ಬಿದ್ದಿದ್ದರೆ ಮೂರೂ ಮನೆಯ ಮಕ್ಕಳು ಸುತ್ತು ಬಳಸಿ ಶಾಲೆಗೆ ಹೋಗಬೇಕೆಂದು ಅಪ್ಪಣೆಯಾಯಿತು.

ನಾನು ಅಚ್ಚಾದದ್ದನ್ನು ಇದ್ದಂತೆ ಓದಿದ್ದೇ ಇಲ್ಲ. ಪುಸ್ತಕದ ಕನ್ನಡ ಅವ್ವನಿಗೆ ಒಗ್ಗುತ್ತಿರಲಿಲ್ಲ, ಅದನ್ನು ನಮ್ಮ ಬಾಯಿಗೆ ತಿರುಗಿಸಬೇಕು. ಕಾಕುಗೆ ಅಲ್ಲಲ್ಲಿ ಮರಾಠಿಯಲ್ಲಿ ಬಿಡಿಸಿ ಹೇಳಬೇಕು. ಬೆಟ್ಟ ಗುಡ್ಡ ಮೋಡದ ವರ್ಣನೆ ಬಂದರೆ ನಾನೇ ಹಾರಿಸುತ್ತಿದ್ದೆ. ನಡುನಡುವೆ ಅವರು ತಡೆಯುತ್ತಿದ್ದರು. "ತಡಿ ತಡಿ, ಆ ಡಾಕ್ಟರಗ ಬುದ್ಧಿ ಇಲ್ಲೇನು? ಕೂಸಿಗೆ ಜ್ವರ ಅಂತ ಅಷ್ಟ ಹೇಳಿ ಹ್ವಾದನ?" ಆಮೇಲೆ ಅರ್ಧ ಗಂಟೆ ಡಾಕ್ಟರನ ವಿಚಾರಣೆ. ಕೂಸಿನ ಸಂಕಟದ ಸಾಲುಗಳು ಬಂದ ಒಂದು ದಿನ ಲಡಿ ಸುತ್ತುವಾಕೆ ಮಾತಾಡದೆ ಎದ್ದು ಹೋದರು. ಅವರ ಮಗಳು ಎರಡು ವರ್ಷದವಳಿದ್ದಾಗ ತೀರಿಕೊಂಡಿದ್ದಳೆಂದು ಅವ್ವ ಆಮೇಲೆ ಹೇಳಿದಳು. ಮುಂದಿನ ವಾರದಿಂದ ಅಂಥ ಸಾಲು ಬಂದಾಗಲೆಲ್ಲ ನನ್ನ ಕಣ್ಣು ಕೆಳಗಿನ ಪ್ಯಾರಾಕ್ಕೆ ಜಿಗಿಯುತ್ತಿತ್ತು. ಇದು ದಯೆ ಎಂದುಕೊಳ್ಳಬೇಡಿ. ಒಬ್ಬರು ಎದ್ದು ಹೋದರೆ ಕಟ್ಟೆ ಖಾಲಿಯಾಗುತ್ತದೆ ಎಂಬ ಲೆಕ್ಕವೂ ಇತ್ತು. ಓದಿದ್ದಕ್ಕೆ ಹುರಿದ ಶೇಂಗಾ ಸಿಗುತ್ತಿತ್ತು. ಕೊಟ್ಟದ್ದು ಕಡಿಮೆಯಾದರೆ ರೋಚಕ ಜಾಗದಲ್ಲಿ ನೀರು ಕುಡಿಯಲು ಎದ್ದು ಒಳಗೆ ಹೋಗುತ್ತಿದ್ದೆ, ಇನ್ನೊಂದು ಹಿಡಿ ಬೀಳುವ ತನಕ ಬಾಯಾರಿಕೆ ಹೋಗುತ್ತಿರಲಿಲ್ಲ.

ಹೀಗೆ ತಿದ್ದುವವಳು ನಾನೊಬ್ಬಳೇ ಆಗಿರಲಿಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಕಾಕುವಿನ ಮನೆಯಲ್ಲೂ ಶ್ರೀಧರ ಕವಿಯ 'ಶಿವಲೀಲಾಮೃತ'ದ ಪಾರಾಯಣ. ಅರ್ಥ ಹೇಳುವವರು ಪದ್ಯ ಬಿಟ್ಟು ಬಹಳ ದೂರ ಹೋಗುತ್ತಿದ್ದರು. ಆ ವರ್ಷ ಊರಲ್ಲಿ ಯಾರದೋ ಮಗಳು ಯಾರ ಜೊತೆಗೋ ಓಡಿಹೋಗಿದ್ದರೆ ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ ಅದರ ಖಂಡನೆ ಬಂದೇ ಬರುತ್ತಿತ್ತು. ಹೆಂಗಸರೆಲ್ಲ ತಲೆ ಮೇಲೆ ಸೆರಗು ಎಳೆದುಕೊಂಡು ಕೇಳಬೇಕು. ಪುಸ್ತಕದಲ್ಲಿ ಅದಿಲ್ಲ ಎಂದು ಹೇಳಲು ಯಾರ ಹತ್ತಿರವೂ ಪುಸ್ತಕ ಇರಲಿಲ್ಲ. ಇಂದು ಅದೇ ಪುರಾಣಗಳ ಪಠ್ಯ ಫೋನಿನಲ್ಲಿ ಸಿಗುತ್ತದೆ. ವಚನವಾದರೆ 'ವಚನ ಸಂಚಯ' ತಾಣದಲ್ಲಿ ಒಂದು ಪದ ಕೊಟ್ಟು ಹುಡುಕಿದರೆ ಯಾವ ಶರಣರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ಸಾಲುಸಾಲಾಗಿ ಬರುತ್ತದೆ. ಆಗ ಇದ್ದಿದ್ದರೆ ಎಷ್ಟೋ ಪ್ರವಚನಕಾರರು ಪದ್ಯಕ್ಕೆ ಇನ್ನಷ್ಟು ಹತ್ತಿರ ಕೂರಬೇಕಾಗುತ್ತಿತ್ತು.

ಖಾನಾಪುರ ತಾಲೂಕಿನ ನಂದಗಡ ನನ್ನ ಅಜ್ಜಿಯ ಊರು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲಿ. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಅಜ್ಜಿಯ ಕಥೆಯಲ್ಲಿ ರಾಯಣ್ಣ ಹಳ್ಳದಲ್ಲಿ ಜಳಕ ಮಾಡುವಾಗ ಸಿಕ್ಕಿಬೀಳುತ್ತಿದ್ದ, ಅದು ಎಲ್ಲರ ಕಥೆಯಲ್ಲೂ ಇರುವುದೇ. ಹಿಡಿದುಕೊಟ್ಟವನು ಯಾರು ಎಂಬುದು ಮಾತ್ರ ಬದಲಾಗುತ್ತಿತ್ತು. ಆ ವಾರ ಅಜ್ಜಿಗೆ ಯಾವ ಮನೆತನದ ಮೇಲೆ ಸಿಟ್ಟಿತ್ತೋ ಆ ಮನೆತನದವನೊಬ್ಬ ಕತ್ತಿ ಎತ್ತಿಟ್ಟುಕೊಂಡು ಓಡುತ್ತಿದ್ದ. ಒಮ್ಮೆ ನಮ್ಮಪ್ಪನ ಅಡ್ಡೆಸರಿನವರೇ ಆ ಪಾತ್ರಕ್ಕೆ ಬಂದದ್ದುಂಟು. ನನ್ನ ಅಣ್ಣನ ಮೊಮ್ಮಗನಿಗೆ ರಾಯಣ್ಣ ಎಂದರೆ 2012ರ ಸಿನಿಮಾದ ದರ್ಶನ್. ಅದರ ತುಣುಕುಗಳನ್ನು ದಿನಾ ನೋಡುತ್ತಾನೆ, ಪ್ರತಿ ಸಲ ಅದೇ ಮಾತು, ಅದೇ ಹಾವಭಾವ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಹುಡುಗನಿಗೆ ಅದೇ ಇಷ್ಟ. ನಾನು ಒಂದು ಸಲ ಅಜ್ಜಿಯ ಥರ ಹೇಳಲು ಹೋದೆ. "ಹಂಗ ಇಲ್ಲ ಅಜ್ಜಿ, ತಪ್ಪು ಹೇಳಾಕತ್ತಿ" ಎಂದು ನಿಲ್ಲಿಸಿಬಿಟ್ಟ.

ಓದಿ ಹೇಳುವ ನೌಕರಿಯಿಂದ ನಾನು ಬೆರಳಚ್ಚಿನ ನೌಕರಿಗೆ ಹೋದೆ. ತೊಂಬತ್ತರ ದಶಕದಲ್ಲಿ ಬೆಳಗಾವಿಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್. ಮೊಳೆ ಜೋಡಿಸುತ್ತಿದ್ದ ಹಿರಿಯರು ಮೂಲೆಗೆ ಸರಿದು ನಮ್ಮಂಥ ಹುಡುಗಿಯರು ಕಂಪ್ಯೂಟರಿನ ಮುಂದೆ ಕೂತ ಕಾಲ. ಪುಣೆಯ 'ಶ್ರೀಲಿಪಿ' ಇದ್ದದ್ದರಿಂದ ಒಂದೇ ಯಂತ್ರದಲ್ಲಿ ಕನ್ನಡ, ಮರಾಠಿ ಎರಡೂ ಲಗ್ನಪತ್ರಿಕೆ ಆಗುತ್ತಿದ್ದವು. ಮುಂದೆ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕಂಪ್ಯೂಟರಿಗೆ ಹೋದದ್ದು ಶಾಶ್ವತ ಎಂಬ ಭ್ರಮೆ ಆಗ ಎಲ್ಲರಿಗೂ ಇತ್ತು. ಗೆದ್ದಲಿಲ್ಲ, ಮಳೆಯ ತೇವವಿಲ್ಲ, ಹರಿಯುವ ಮಾತಿಲ್ಲ.

ಖಾನಾಪುರ ಕಡೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಕಾದಂಬರಿ ತಂದು ಕೊಟ್ಟರು. ಕಾಡಿನಂಚಿನ ಊರಿನ ಕಥೆ, ದುಂಡಗಿನ ಅಕ್ಷರದಲ್ಲಿ ಎರಡು ನೋಟುಬುಕ್ಕು. ಸಂಜೆ ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ಕೂತು ಅದನ್ನು ಟೈಪು ಮಾಡಿದೆ. ಕಾಗದಕ್ಕೆ ಹಣ ಹೊಂದಿಕೆಯಾಗಲಿಲ್ಲ, ಅಚ್ಚಾಗಲಿಲ್ಲ, ನೋಟುಬುಕ್ಕುಗಳು ಪ್ರೆಸ್ಸಿನಲ್ಲೇ ಎಲ್ಲೋ ಹೋದವು. ಮಾಸ್ತರರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅವರ ಮಗ ನನ್ನನ್ನು ಹುಡುಕಿಕೊಂಡು ಬಂದರು, ಕೈಯಲ್ಲಿ ಸಿಡಿ. ಫ್ಲಾಪಿಯಿಂದ ಸಿಡಿಗೆ ಯಾರೋ ಪುಣ್ಯಕ್ಕೆ ದಾಟಿಸಿದ್ದರು. ತೆರೆದರೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಡಾಲರ್ ಚಿಹ್ನೆಗಳ ಕಲಸುಮೇಲೋಗರ. ಆ ಕಾಲದ ಫಾಂಟುಗಳಲ್ಲಿ ಕನ್ನಡ ಬರೀ ವೇಷ. ಒಳಗೆ ಕೂತದ್ದು ಇಂಗ್ಲಿಷ್ ಅಕ್ಷರದ ಸಂಕೇತ, ಆ ಸಂಕೇತಕ್ಕೆ ಒಂದೊಂದು ಕಂಪನಿ ಒಂದೊಂದು ಕನ್ನಡ ಚಿತ್ರ ತೊಡಿಸಿತ್ತು. ಆ ಫಾಂಟೇ ಬೇಕು, ಅದೇ ಆವೃತ್ತಿ ಬೇಕು, ಇಲ್ಲದಿದ್ದರೆ ಒಳಗಿನದು ಹಾಗೇ ಬೀದಿಗೆ ಬರುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯುನಿಕೋಡ್ ನಮ್ಮ ಪ್ರೆಸ್ಸುಗಳ ತನಕ ಬಂದದ್ದು ಬಹಳ ತಡವಾಗಿ. ಪರಿವರ್ತಕ ತಂತ್ರಾಂಶ ಹಾಕಿ ನೋಡಿದೆವು. ಅರ್ಧದಷ್ಟು ಓದಲು ಬಂತು, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ನೆನಪಿದ್ದ ಕಡೆ ನಾನು ತುಂಬಿದೆ. ನೆನಪಿಲ್ಲದ ಕಡೆ, ಲೈಬ್ರರಿಯ ಹೊಲಿಗೆಯೊಳಗೆ ಹೂತ ಅಕ್ಷರ ಓದುತ್ತಿದ್ದ ಹಾಗೇ ಊಹೆಯ ಮೇಲೆ ತುಂಬಿದೆ. ಹತ್ತು ಪೈಸೆ ಬಾಡಿಗೆಯ ಅಗ್ಗದ ಕಾಗದದ ಕೊಲೆ ಕಾದಂಬರಿ ಇಂದು ಪೂರ್ತಿ ಸಿಗುತ್ತದೆ, ಕಂಪ್ಯೂಟರಿನಲ್ಲಿ ಭದ್ರವಾಗಿದ್ದ ಮಾಸ್ತರರ ಕಾದಂಬರಿ ಅರ್ಧ ಸತ್ತಿದೆ. ಇದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಫೋನುಗಳದೂ ಮೊದಮೊದಲು ಅದೇ ಪಾಡು, ಕನ್ನಡ ಎಂದರೆ ಸಾಲುಸಾಲು ಚೌಕ ಡಬ್ಬಿ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡತೊಡಗಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪುಣೆಯಲ್ಲಿರುವ ಕಾಕುವಿನ ಮಗ ಮುಂದಿನ ಗಣಪತಿ ಹಬ್ಬಕ್ಕೆ ಬಂದಾಗ ಮರಾಠಿ ಪುಸ್ತಕ ತೆರೆದು ತೋರಿಸಿದ. ನಮ್ಮ ಗೋಡೆ ಖಾಲಿ. ಗಡಿ ಭಾಗದಲ್ಲಿ ಹುಟ್ಟಿದವರಿಗೆ ಇಂಥದ್ದು ಎಷ್ಟು ಚುಚ್ಚುತ್ತದೆಂದು ಬೆಂಗಳೂರಿನವರಿಗೆ ತಿಳಿಸಿ ಹೇಳುವುದು ಕಷ್ಟ. ಆಮೇಲೆ 2020ರಲ್ಲಿ ಕನ್ನಡಿಗರೇ ಕಟ್ಟಿದ 'ಮೈಲ್ಯಾಂಗ್' ಬಂದು ಇ-ಪುಸ್ತಕ, ಕೇಳುಪುಸ್ತಕ ಎರಡೂ ಸಿಗುವಂತಾಯಿತು. ರಾಜ್ಯದ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿಯೂ ಅದೇ ವರ್ಷದ್ದು. ಅಪ್ಪ ಇದ್ದಿದ್ದರೆ ಅವರ ಆರು ಪೈಸೆಗೆ ಕೊನೆಗೂ ಲೆಕ್ಕ ಸಿಗುತ್ತಿತ್ತು.

ಇದರಿಂದ ಓದು ಬೆಳೆಯಿತೇ ಎಂದರೆ ಅನಗೋಳದಲ್ಲಿ ನಿಂತು ಹೌದು ಎನ್ನಲು ನಾಲಿಗೆ ಏಳುವುದಿಲ್ಲ. ಟಿಳಕವಾಡಿಯ ಇ-ಲೈಬ್ರರಿಯಲ್ಲಿ ಹುಡುಗ ಹುಡುಗಿಯರು ತುಂಬಿರುತ್ತಾರೆ. ಓದುವುದು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಪ್ರಶ್ನೆಪತ್ರಿಕೆ. ಹುಡುಗಿಯರು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಹೋಗಿ ಕೂರುತ್ತಾರಲ್ಲ, ಅಷ್ಟಕ್ಕೇ ನನ್ನ ಹೊಟ್ಟೆ ತಂಪು. ಮನೆಯಲ್ಲಿ ಕಥೆ ಎಂದರೆ ರೀಲ್ಸ್. ರಾತ್ರಿಯಿಡೀ ಆಡುತ್ತಿದ್ದ ಶ್ರೀಕೃಷ್ಣ ಪಾರಿಜಾತದಲ್ಲಿ ಈಗ ಫೋನಿಗೆ ಬರುವುದು ದೂತಿಯ ತಮಾಷೆಯ ಎರಡು ನಿಮಿಷ. ಕುಲಗೋಡ ತಮ್ಮಣ್ಣ ಕಟ್ಟಿ, ಕೌಜಲಗಿ ನಿಂಗಮ್ಮ ಮೆರೆಸಿದ ಆಟದಲ್ಲಿ ಆ ನಗುವಿನ ಬೆನ್ನಿಗೆ ಬರುತ್ತಿದ್ದ ರುಕ್ಮಿಣಿ ಸತ್ಯಭಾಮೆಯರ ಸಂಕಟಕ್ಕೆ ಅಲ್ಲಿ ಜಾಗವಿಲ್ಲ.

ಆದರೆ ಅವ್ವನ ವಿಷಯ ಬೇರೆ. ಅವಳಿಗೀಗ ಎಂಬತ್ತು ದಾಟಿದೆ, ಕಾಲು ಹಿಡಿದಿವೆ. ಅಣ್ಣನ ಸೊಸೆ ಒಂದು ಹಳೇ ಫೋನು ಕೊಟ್ಟು ಮೈಕಿನ ಗುರುತು ಒತ್ತಿ ಬೇಕಾದ್ದನ್ನು ಕೇಳುವುದು ಕಲಿಸಿದ್ದಾಳೆ. ಅವ್ವ ಅದಕ್ಕೆ ಬಾಯಿ ಹಚ್ಚಿ ಏರುದನಿಯಲ್ಲಿ, "ಹೆಂಗಸರ ಕಾದಂಬರಿ ಹೇಳು" ಎನ್ನುತ್ತಾಳೆ. ಯಾರೋ ಮೈಸೂರು ಕಡೆಯ ದನಿ ಓದತೊಡಗುತ್ತದೆ. ಅರ್ಥವಾಗದ ಮಾತು ಬಂದರೆ ಹಿಂದಕ್ಕೆ ಎಳೆದು ಮತ್ತೆ ಕೇಳುತ್ತಾಳೆ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತಿದ್ದೆ. ಕಥೆಯಲ್ಲಿ ಮಗು ಸಾಯುವ ಪ್ರಸಂಗ ಬಂತು, ಓದುವವಳು ಒಂದಕ್ಷರ ಬಿಡದೆ ಓದಿದಳು. ನನಗೇ ಕಸಿವಿಸಿಯಾಗಿ ನಿಲ್ಲಿಸಲು ಕೈ ಚಾಚಿದೆ. ಅವ್ವ ಫೋನನ್ನು ಆಚೆ ಸರಿಸಿಕೊಂಡಳು.

"ಇರ್ಲಿ ಬಿಡು. ನೀ ಓದುವಾಗ ಅರ್ಧಾ ನುಂಗತಿದ್ದಿ. ನಂಗ ಗೊತ್ತಿತ್ತು."

"ಗೊತ್ತಿದ್ರ ಯಾಕ ಕೇಳಲಿಲ್ಲ?"

"ಕೇಳಿದ್ರ ಓದೂದ ಬಿಡತಿದ್ದಿ. ಮತ್ತ್ಯಾರ ಓದವರಿದ್ರು?"

ಅಷ್ಟು ವರ್ಷ ನಾನು ಆ ಕಟ್ಟೆಯನ್ನು ನೆನೆಸಿಕೊಂಡಾಗಲೆಲ್ಲ ನಾಲ್ವರೂ ಸುಖವಾಗಿ ಕೂತ ಚಿತ್ರವೇ ಬರುತ್ತಿತ್ತು. ಹನ್ನೆರಡು ವರ್ಷದ ಹುಡುಗಿಯ ಮರ್ಜಿ ಕಾಯುತ್ತ, ಅವಳು ಕೊಟ್ಟಷ್ಟು ಕಥೆಗೆ ಶೇಂಗಾ ಹುರಿದು ಕೂತ ಮೂವರು ಹೆಂಗಸರ ಕಡೆಯಿಂದ ಅದನ್ನು ನೋಡಿರಲಿಲ್ಲ. ಕಥೆ ಹೇಳುವ ಮನುಷ್ಯ ನಡುವೆ ಇದ್ದಾಗಿನ ಬೆಚ್ಚನೆಯ ಭಾವದ ಬಗ್ಗೆ ಬರೆಯುವವರು ಹೆಚ್ಚಾಗಿ ಹೇಳುವ ಜಾಗದಲ್ಲಿ ಕೂತಿದ್ದವರೇ. ಕೇಳುವ ಜಾಗದಲ್ಲಿದ್ದವರಿಗೆ ಈಗ ಗಂಟಲು ಇಲ್ಲದ, ನೀರಡಿಕೆಯಾಗದ, ಸಿಟ್ಟು ಮಾಡದ ಒಂದು ದನಿ ಸಿಕ್ಕಿದೆ. ಡಾಕ್ಟರನಿಗೆ ಬುದ್ಧಿ ಇಲ್ಲವೇ ಎಂದು ಅವ್ವ ಕೇಳಿದರೆ ಆ ದನಿ ಉತ್ತರಿಸುವುದಿಲ್ಲ, ನಿಜ. ಅವ್ವ ಈಗಲೂ ಕೇಳುತ್ತಾಳೆ, ಅದು ಓದುತ್ತ ಹೋಗುತ್ತದೆ, ಅವಳು ಬೈಯುತ್ತ ಹೋಗುತ್ತಾಳೆ.

ಉತ್ತರಿಸುವ ಕಥೆ ನಮ್ಮ ಪಕ್ಕದ ಮನೆಯಲ್ಲೇ ತಯಾರಾಗುತ್ತಿದೆ ಎಂದು ಗೊತ್ತಾದದ್ದು ನಾನು ಹುಬ್ಬಳ್ಳಿಗೆ ಹೊರಡುವ ಹಿಂದಿನ ದಿನ. ಕಾಕು ಈಗಿಲ್ಲ. ಅವರ ಕಿರಿಯ ಸೊಸೆ ಕನ್ನಡ ಶಾಲೆಯಲ್ಲಿ ಕಲಿತವಳು, ಉದ್ಯಮಬಾಗಿನ ಒಂದು ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಕೆಲಸ. 'ಪ್ರತಿಲಿಪಿ' ಎಂಬ ಆ್ಯಪಿನಲ್ಲಿ ಕಳ್ಳಹೆಸರಿನಿಂದ ಧಾರಾವಾಹಿ ಬರೆಯುತ್ತಾಳೆ. ಬರೆಯುವುದಲ್ಲ, ಹೇಳುವುದು: ಊಟದ ಬಿಡುವಿನಲ್ಲಿ ವರ್ಕ್‌ಶಾಪಿನ ಹಿಂದಿನ ಗೋಡೆಗೆ ಒರಗಿ ಫೋನಿಗೆ ಬಾಯಲ್ಲಿ ಹೇಳುತ್ತಾಳೆ, ಗೂಗಲ್ ಕೀಲಿಮಣೆ ಅಕ್ಷರ ಮಾಡುತ್ತದೆ. ಕನ್ನಡಕ್ಕೆ ಆ ಸೌಲಭ್ಯ 2017ರಲ್ಲಿ ಬಂದದ್ದು. ಅದಕ್ಕೆ ನಮ್ಮ ಬೆಳಗಾವಿಯ ಮಾತು ತಿಳಿಯುವುದಿಲ್ಲ. 'ಹೊಂಟೇನಿ' ಎಂದರೆ ಏನೇನೋ ಬರೆಯುತ್ತದೆ. ಹಾಗಾಗಿ ಅವಳು ನಾಯಕಿಯ ಕಷ್ಟಗಳನ್ನೆಲ್ಲ ಟಿವಿ ವಾರ್ತೆಯವರ ಕನ್ನಡದಲ್ಲಿ, ಬಿಡಿಸಿ ಬಿಡಿಸಿ ಫೋನಿಗೆ ಹೇಳುತ್ತಾಳೆ. ಹಿಂದೆ ಕಟಿಂಗ್ ಯಂತ್ರದ ಸದ್ದು. ರಾತ್ರಿ ತಪ್ಪು ತಿದ್ದಿ ಒಂಬತ್ತಕ್ಕೆ ಒಂದು ಕಂತು ಬಿಡುತ್ತಾಳೆ.

ಓದಿ ನೋಡಿದೆ. ಬಡ ಹುಡುಗಿ, ಸಿಡುಕು ಶ್ರೀಮಂತ, ಕಂಪನಿ ಬೆಂಗಳೂರಿನಲ್ಲಿ. ಇವಳು ಬೆಂಗಳೂರು ನೋಡಿದ್ದು ಒಮ್ಮೆ, ಆಸ್ಪತ್ರೆಗೆ ಹೋದಾಗ. ಕಥೆ ಚೆನ್ನಾಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನಡುವೆ ಎರಡು ಕಂತು ನಾಯಕಿ ಕೆಲಸ ಕಳೆದುಕೊಂಡು ಪ್ಯಾಕಿಂಗ್ ಶೆಡ್ಡಿಗೆ ಹೋಗುತ್ತಾಳೆ. ಅಲ್ಲಿ ಎಣ್ಣೆ ಹಚ್ಚಿದ ಬಿಡಿಭಾಗ, ಬೆರಳು ಕೊಯ್ಯುವ ಪ್ಲಾಸ್ಟಿಕ್ ಪಟ್ಟಿ, ಹೆಂಗಸರಿಗೆ ಬೇರೆ ಇರದ ಶೌಚಾಲಯ, ಇವುಗಳ ವರ್ಣನೆ ಇದೆ. ಅಲ್ಲಿ ನಾನು ನೆಟ್ಟಗೆ ಕೂತು ಓದಿದೆ. ಕೆಳಗೆ ಓದುಗರ ಮಾತುಗಳ ಸಾಲು: ಈ ಶೆಡ್ಡು ಸಾಕು, ಹೀರೋ ಎಲ್ಲಿ, ಬೇಗ ಕರೆದುಕೊಂಡು ಬನ್ನಿ. ಮೂರನೇ ಕಂತಿಗೇ ಹೀರೋ ಕಾರು ತಂದು ನಿಲ್ಲಿಸಿದ್ದ.

"ಶೆಡ್ಡಿನ ಕಥಿ ಯಾಕ ಬಿಟ್ಟಿ?" ಎಂದೆ.

"ಮಂದಿ ಬ್ಯಾಡ ಅಂದ್ರಕ್ಕಾ. ಅವರು ಕಾಯಿನ್ ಹಾಕಿ ಓಪನ್ ಮಾಡಬೇಕಲ್ಲ."

ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುತ್ತಿದ್ದವರು ಈಗ ಕಥೆಯೊಳಗೇ ಕೈ ಹಾಕಿ ಹೀರೋನನ್ನು ಎಳೆದು ತರುತ್ತಾರೆ. ಮುಂದಿನ ಕಂತಿಗೆ ಬೀಗ. ಕಾಯಬೇಕು, ಇಲ್ಲವೇ ನಾಣ್ಯ ಕೊಡಬೇಕು. ಶೇಂಗಾಕ್ಕೆ ನಿಲ್ಲಿಸುತ್ತಿದ್ದವಳಿಗೆ ಇದನ್ನು ದೂರುವ ಅಧಿಕಾರ ಎಷ್ಟಿದೆಯೋ ಗೊತ್ತಿಲ್ಲ. ನನ್ನ ಹಳೇ ಚಾಳಿ ಎದ್ದಿತು. ಕಂತುಗಳನ್ನು ನನಗೆ ಕಳಿಸು, ಭಾಷೆ ಒಂದಿಷ್ಟು ನೆಟ್ಟಗೆ ಮಾಡಿ ಕೊಡುತ್ತೇನೆ, ಶೆಡ್ಡಿನ ಭಾಗ ಬೆಳೆಸೋಣ ಎಂದೆ. ಅವಳು ನಕ್ಕು, ಚಹಾದ ಕಪ್ಪು ನನ್ನ ಮುಂದೆ ಸರಿಸಿದಳು.

"ಬ್ಯಾಡ ಅಕ್ಕಾ. ನಿಮ್ಮ ಅವ್ವಾರು ಹೇಳ್ಯಾರ, ನೀವು ಭಾಳ ನುಂಗತೀರಂತ."

ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತು ಅವಳ ಕಥೆ ಹಿಡಿದೆ. ಕಿತ್ತೂರು ದಾಟುವಷ್ಟರಲ್ಲಿ ಬೀಗ ಹಾಕಿದ ಕಂತಿಗೆ ಬಂದಿದ್ದೆ. ನಾಯಕಿ ಸಿಡುಕನನ್ನು ಬಿಟ್ಟು ಶೆಡ್ಡಿಗೆ ವಾಪಸು ಹೋಗಬಹುದೆಂಬ ಸಣ್ಣ ಸುಳಿವು ಇತ್ತು, ಇಲ್ಲದೆಯೂ ಇರಬಹುದು. ಕಂಡಕ್ಟರ್ ಕೊಡಬೇಕಾದ ಚಿಲ್ಲರೆ ಇನ್ನೂ ಕೊಟ್ಟಿರಲಿಲ್ಲ. ಫೋನಿನಲ್ಲಿ ಹಣ ಕಟ್ಟಿ ನಾಣ್ಯ ಕೊಂಡೆ.